ಯಾರ ಹಲಗೆ, ಯಾರ ಕೈ: ಸಮುರಾಯ್ ಮರದಚ್ಚು ಚಿತ್ರಗಳ ಮರುಕೆತ್ತನೆ

ಜಪಾನಿನ ಸಮುರಾಯ್ ಚಿತ್ರವೊಂದು ಕೈಗೆ ಬಂದರೆ ‘ಅಸಲಿಯೋ ನಕಲಿಯೋ’ ಎಂದು ಕೇಳುವುದು ರೂಢಿ. ಉಕಿಯೊ-ಎ ಎಂಬ ಮರದಚ್ಚು ಚಿತ್ರಗಳ ಪರಂಪರೆಗೆ ಈ ಪ್ರಶ್ನೆ ಸರಿಯಾಗಿ ಹೊಂದುವುದಿಲ್ಲ. ಕಲಾವಿದ ತೆಳು ಕಾಗದದ ಮೇಲೆ ಬರೆದುಕೊಟ್ಟ ರೇಖಾಚಿತ್ರವನ್ನು ಕಾಡುಚೆರ್ರಿ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಗಳನ್ನು ಉಳಿಸಿಕೊಂಡು ಮಿಕ್ಕ ಮರವನ್ನು ಕೆತ್ತಿ ತೆಗೆಯುತ್ತಿದ್ದರು. ಕೆತ್ತನೆ ಮುಗಿಯುವ ಹೊತ್ತಿಗೆ ಕಲಾವಿದನ ಕೈಬರಹವೇ ಇಲ್ಲವಾಗುತ್ತಿತ್ತು. ಉಳಿಯುತ್ತಿದ್ದುದು ಹಲಗೆ ಮತ್ತು ಅದರ ಅಚ್ಚುಗಳು. ಹಾಗಾಗಿ ಕೇಳಬೇಕಾದದ್ದು ಎರಡೇ: ಹಲಗೆ ಕೆತ್ತಿದ್ದು ಯಾವಾಗ, ಅಚ್ಚು ತೆಗೆದದ್ದು ಯಾವಾಗ?

ವೀರರ ಚಿತ್ರಗಳಿಗೆ ಅಲ್ಲಿ ಮುಷಾ-ಎ ಎನ್ನುತ್ತಾರೆ. ಈ ಪ್ರಕಾರವನ್ನು ಜನಪ್ರಿಯತೆಯ ತುದಿಗೇರಿಸಿದವನು ಉತಾಗಾವಾ ಕುನಿಯೋಶಿ. 1827ರ ಸುಮಾರಿಗೆ ಅವನು ಆರಂಭಿಸಿದ ಸುಯ್ಕೋದೆನ್ ಮಾಲಿಕೆಯ ವೀರರು ಸಮುರಾಯ್‌ಗಳಲ್ಲ, ಚೀನೀ ಕಾದಂಬರಿಯ 108 ಬಂಡುಕೋರರು ಎಂಬುದು ಸ್ವಾರಸ್ಯದ ಸಂಗತಿ. ಸ್ವದೇಶದ ಯೋಧರನ್ನು, ಅದರಲ್ಲೂ ಹತ್ತಿರದ ಕಾಲದವರನ್ನು, ಚಿತ್ರಿಸುವುದು ಅಪಾಯದ ಕೆಲಸವಾಗಿತ್ತು. ದಳಪತಿ ತೊಯೊತೊಮಿ ಹಿದೆಯೋಶಿಯನ್ನು ಚಿತ್ರಿಸಿದ್ದಕ್ಕೆ 1804ರಲ್ಲಿ ಕಲಾವಿದ ಉತಾಮಾರೊನ ಕೈಗಳಿಗೆ 50 ದಿನ ಕೋಳ ಬಿದ್ದಿತ್ತು. ಅದಕ್ಕೇ 47 ರೋನಿನ್‌ಗಳನ್ನು (ಒಡೆಯನಿಲ್ಲದ ಸಮುರಾಯ್‌ಗಳನ್ನು) ಕುರಿತ ಕುನಿಯೋಶಿಯ 1847–48ರ ಮಾಲಿಕೆಯಲ್ಲಿ ನಾಯಕ ಓಇಶಿ ಕುರಾನೊಸುಕೆ, ರಂಗಭೂಮಿಯಲ್ಲಿ ಆಗಲೇ ಬಳಕೆಯಲ್ಲಿದ್ದ ಓಬೊಶಿ ಯುರಾನೊಸುಕೆ ಎಂಬ ಹೆಸರು ತೊಟ್ಟಿದ್ದಾನೆ. ಇಂದಿನ ಮರುಕೆತ್ತನೆಗಳೂ ಆ ಮರೆಹೆಸರನ್ನು ಅಕ್ಷರ ಬಿಡದೆ ಕೆತ್ತುತ್ತವೆ.

ನಕಲಿನಲ್ಲೂ ಬಗೆಗಳಿವೆ. ಹಳೆಯ ಹಲಗೆಯಿಂದಲೇ ತಡವಾಗಿ ತೆಗೆದದ್ದು ಅತೊಜುರಿ. ಹಲಗೆ ಸವೆದಿರುವುದರಿಂದ ಕೂದಲೆಳೆಯ ಗೆರೆಗಳು ಅಲ್ಲಲ್ಲಿ ತುಂಡಾಗಿರುತ್ತವೆ. ಹೊಸ ಹಲಗೆಯಲ್ಲಿ ಮತ್ತೆ ಕೆತ್ತಿದ್ದು ಫುಕ್ಕೊಕು. ಇಪ್ಪತ್ತನೆಯ ಶತಮಾನದಲ್ಲಿ ಇದು ಗಂಭೀರ ಕಸುಬಾಯಿತು. 1909ರಲ್ಲಿ ಸ್ವಂತ ಅಂಗಡಿ ತೆರೆದ ವಾತಾನಾಬೆ ಶೋಜಾಬುರೊ, ಹೊಸ ಕಲಾವಿದರ ಚಿತ್ರಗಳ ಜೊತೆಗೆ ಹಳೆಯವರ ಮರುಕೆತ್ತನೆಗಳನ್ನೂ ಪ್ರಕಟಿಸಿದ. 1923ರ ಮಹಾಭೂಕಂಪದ ಬೆಂಕಿಯಲ್ಲಿ ಅವನ ಹಲಗೆಗಳು ಸುಟ್ಟುಹೋದವು. ಮತ್ತೆ ಮೊದಲಿನಿಂದ ಕಟ್ಟಿದ. 1928ರಲ್ಲಿ ಆರಂಭವಾದ ಅದಾಚಿ ಸಂಸ್ಥೆ ಇಂದಿಗೂ ಕೈಕೆತ್ತನೆ ಮಾಡಿಸುತ್ತಿದೆ.

ಒಳ್ಳೆಯ ಫುಕ್ಕೊಕು ಖೋಟಾ ಅಲ್ಲವೆಂಬುದು ನನ್ನ ನಿಲುವು. ಕವಚದ ಹುರಿಗಳನ್ನೂ ಹೆಣಿಗೆಗಳನ್ನೂ ಚೂಪು ಚಾಕುವಿನಲ್ಲಿ ಬಿಡಿಸುವ ಕೈಗೆ ಹಳೆಯ ಕೆತ್ತನೆಗಾರನ ಕೈಯಷ್ಟೇ ಪಳಗಿಕೆ ಬೇಕು. ತೊಡಕಿರುವುದು ಮುದ್ರೆಗಳಲ್ಲಿ. 1842ರವರೆಗೆ ಪರಿಶೀಲನೆಯ ಗುರುತಾಗಿದ್ದ ‘ಕಿವಾಮೆ’ ಮುದ್ರೆಯೂ ಚಿತ್ರದೊಂದಿಗೆ ಮರುಕೆತ್ತನೆಯಾಗುತ್ತದೆ. ಆದ್ದರಿಂದ ಮುದ್ರೆಯೊಂದನ್ನೇ ನಂಬಿ ಕಾಲ ಹೇಳಲಾಗದು. ಎಷ್ಟೋ ಮರುಕೆತ್ತನೆಗಳಲ್ಲಿ ಹೊಸ ಪ್ರಕಾಶಕನ ಗುರುತಿರುವುದು ಅಂಚಿನಲ್ಲಿ. ಯಾರೋ ಆ ಅಂಚನ್ನು ಕತ್ತರಿಸಿ ‘ಹಳೆಯದು’ ಎಂದು ಮಾರಿದಾಗಲೇ ಪ್ರಾಮಾಣಿಕ ಪ್ರತಿ ಖೋಟಾ ಆಗುವುದು.

ಆಫ್‌ಸೆಟ್ ಪೋಸ್ಟರಿನ ಕಥೆ ಬೇರೆ. ಭೂತಗನ್ನಡಿ ಹಿಡಿದರೆ ಚುಕ್ಕಿಗಳ ಜಾಲ ಕಾಣುತ್ತದೆ. ಮರದಚ್ಚಿನಲ್ಲಿ ಬಣ್ಣ ಕಾಗದದ ಕೋಜೋ ತೊಗಟೆಯ ನಾರಿಗೆ ಇಳಿದಿರುತ್ತದೆ; ಬಾರೆನ್ ಎಂಬ ಉಜ್ಜುಬಿಲ್ಲೆ ಸುತ್ತಿದ ಗುರುತು ಬೆನ್ನಿನ ಮೇಲೆ ಉಳಿಯುತ್ತದೆ. ಆದ್ದರಿಂದ ಯೋಧನ ಮುಖ ನೋಡಿ ದುಡ್ಡು ತೆಗೆಯುವ ಮೊದಲು ಹಾಳೆಯನ್ನು ಮಗುಚಿ ಅದರ ಬೆನ್ನು ನೋಡಿ.