ಹಲವು ಕಾಳು, ಒಂದೇ ಮಡಕೆ



ನಿಮ್ಮ ಒಲೆಯ ಮೇಲೆ ಬೇಯುವ ಕಾಳಿನ ಸಾರಿಗೆ ವಯಸ್ಸೆಷ್ಟು ಗೊತ್ತೇ? ಬಳ್ಳಾರಿ ಹತ್ತಿರ ಸಂಗನಕಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ಜನ ವಾಸವಿದ್ದರು. ಅಲ್ಲಿ ಅಗೆದ ಮಣ್ಣನ್ನು ಸಂಶೋಧಕರು ನೀರಿಗೆ ಹಾಕಿದಾಗ ಮಣ್ಣು ತಳಕ್ಕಿಳಿಯಿತು, ಸುಟ್ಟು ಕರಿಕಾಗಿದ್ದ ಕಾಳು ತೇಲಿತು. ಅದರಲ್ಲಿ ಹುರುಳಿಯೂ ಹೆಸರೂ ಇದ್ದವು. ಸುಮಾರು 4,000 ವರ್ಷಗಳಷ್ಟು ಹಳೆಯವು!

ರಾಯದುರ್ಗ, ಆದವಾನಿ, ಆಲೂರು 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಹುರುಳಿಗೆ ಆ ಗೆರೆ ತಿಳಿಯದು. ತೆಲುಗರಿಗೆ ಅದು ಉಲವಲು, ಮರಾಠಿಗರಿಗೆ ಹುಲಗೆ, ತಮಿಳರಿಗೆ ಕೊಳ್ಳು, ಮಲಯಾಳಿಗಳಿಗೆ ಮುದಿರ. ನಮ್ಮ ಹೆಸರು ಹಳಗನ್ನಡದಲ್ಲಿ ಪೆಸರು. ತೆಲುಗಿನಲ್ಲಿ ಇಂದಿಗೂ ಪೆಸಲು.

ಉಳಿದವು ನೆಂಟರಂತೆ ಬಂದವು. ಅವರೆ, ಅಲಸಂದೆಗಳ ತವರು ಆಫ್ರಿಕ. ಕಡಲೆ ತುರ್ಕಿ ಸೀಮೆಯದು. ತೊಗರಿ ಒಡಿಶಾ ಕಡೆಯದು. ಅಮೆರಿಕದ ರಾಜ್ಮಾ 1492ರ ಕೊಲಂಬಸ್ ಯಾನದ ನಂತರವೇ ಇತ್ತ ಬಂದದ್ದು. 12ನೇ ಶತಮಾನದಲ್ಲಿ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಹಲವು ಬೇಳೆ ಬೆರೆಸಿ ಮಾಡುವ ವಿದಲಪಾಕದ ವಿವರವಿದೆ.

ಅರಮನೆಯವರು ರುಚಿಗೆ ಬೆರೆಸಿದರು, ರೈತರು ಬದುಕಿಗೆ ಬೆರೆಸಿದರು. ರಾಗಿಯ ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ ಬಿತ್ತಿದರು. ಮಳೆ ಕೈಕೊಟ್ಟರೆ ಒಂದಲ್ಲ ಒಂದು ಉಳಿಯುತ್ತಿತ್ತು. ಬೇರಿನ ಗಂಟುಗಳಿಂದ ನೆಲಕ್ಕೂ ಸಾರ ಸಿಗುತ್ತಿತ್ತು.

ನಾನು ಬ್ಯಾಂಕಿನಲ್ಲಿ ಬೆಳೆಸಾಲದ ಕಾಗದ ಬರೆಯುತ್ತಿದ್ದವನು. ಆ ಫಾರಂನಲ್ಲಿ ಬೆಳೆಯ ಹೆಸರಿಗೆ ಇದ್ದದ್ದು ಒಂದೇ ಮನೆ. 'ಕಡಲೆಕಾಯಿ' ಎಂದು ಬರೆದರೆ ಮುಗಿಯಿತು, ಅಕ್ಕಡಿಗೆ ಜಾಗವಿಲ್ಲ. ಅನಂತಪುರ ಸೀಮೆಯ ಕೆಂಪು ಹೊಲಗಳನ್ನೆಲ್ಲ ಕಡಲೆಕಾಯಿ ಆವರಿಸಿತು. ಹೊಲದಿಂದ ಬರುತ್ತಿದ್ದ ಕಾಳನ್ನು ರೈತನೇ ಅಂಗಡಿಯಲ್ಲಿ ಕೊಳ್ಳುವಂತಾಯಿತು. ಬೆಲೆ ಏರಿದಾಗ ಮೊದಲು ತೆಳುವಾದದ್ದು ಬಡವರ ಮನೆಯ ಸಾರು.

ಇದು ಬರೀ ರುಚಿಯ ಮಾತಲ್ಲ. 100 ಗ್ರಾಂ ಒಣಕಾಳಿನಲ್ಲಿ 20 ಗ್ರಾಂಗೂ ಮಿಕ್ಕಿ ಪ್ರೋಟೀನು ಇದೆ. ಅಕ್ಕಿ, ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿ ಧಾರಾಳ; ಕಾಳಿನಲ್ಲಿ ಕಡಿಮೆಯಿರುವ ಮಿಥಿಯೋನಿನ್ ಧಾನ್ಯದಲ್ಲಿದೆ. ಮುದ್ದೆಗೆ ಸಾರು, ರೊಟ್ಟಿಗೆ ಪಲ್ಯ ಎಂದು ಹಿರಿಯರು ಜೊತೆ ಮಾಡಿದ್ದು ಸರಿಯಾಗಿಯೇ ಇತ್ತು.

ರಾತ್ರಿ ನೆನೆಹಾಕಿ, ಮೊಳಕೆ ಬರಿಸಿ. ಹುರುಳಿ ಬೇಯುವುದು ನಿಧಾನ, ಅದನ್ನು ಮೊದಲು ಹಾಕಿ, ಹೆಸರನ್ನು ಕೊನೆಗೆ. ರಾಜ್ಮಾ ಸೇರಿಸಿದರೆ ನೆನೆಸಿದ ನೀರು ಚೆಲ್ಲಿ, ಚೆನ್ನಾಗಿ ಕುದಿಸಿ ಬೇಯಿಸಿ. ಅರೆಬೆಂದರೆ ಹೊಟ್ಟೆ ಕೆಡುತ್ತದೆ. ಮೇಲೆ ನಿಂಬೆ ಹಿಂಡಿದರೆ ಕಾಳಿನ ಕಬ್ಬಿಣಾಂಶ ಮೈಗೆ ಹತ್ತುತ್ತದೆ.

ಹೊಲ ಇದ್ದವರು ಮುಂದಿನ ಮಳೆಗೆ ಒಂದಾದರೂ ಅಕ್ಕಡಿ ಸಾಲು ಬಿಡಿ. ಬೀಜವಿಲ್ಲದಿದ್ದರೆ ಊರಿನ ಹಿರಿಯಮ್ಮಂದಿರನ್ನು ಕೇಳಿ. ಯಾವ ಭಾಷೆಯಲ್ಲಿ ಕೇಳಿದರೂ ಕೊಡುತ್ತಾರೆ.