ಮರಳು ಚೀಲ, ಮುಂಜಾನೆಯ ಓಟ: 900 ವರ್ಷದ ಹಳೆ ಪಾಠ

ಬಿ.ಜಿ. ಕೆರೆ, ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಹುಡುಗರ ಮೊಬೈಲಿನಲ್ಲಿ ಈಗ ಕಡಲ ದಂಡೆಯ ಕಸರತ್ತಿನ ವಿಡಿಯೋಗಳು ಓಡುತ್ತಿವೆ. ಬೆಳಿಗ್ಗೆ ಮರಳಲ್ಲಿ ಓಟ, ಸಂಜೆ ಜಿಮ್ಮಿನಲ್ಲಿ ಭಾರ. ಇದೇನೋ ಹೊಸದು ಅಂತ ನೋಡುತ್ತೇವೆ. ಆದರೆ ಬಯಲಿನ ಕಸರತ್ತು, ಭಾರದ ಕಸರತ್ತು ಎರಡನ್ನೂ ಕೂಡಿಸುವ ಪಾಠ ಕನ್ನಡ ನಾಡಿನಲ್ಲೇ 900 ವರ್ಷ ಹಳೆಯದು.

ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅವನ ಬಿರುದೇ 'ಭೂಲೋಕಮಲ್ಲ'. ಆ ಗ್ರಂಥದಲ್ಲಿ ಮಲ್ಲರ ತಾಲೀಮಿಗೇ ಒಂದು ಭಾಗವಿದೆ. ಮರಳು ತುಂಬಿದ ಗುಂಡನೆಯ ಚೀಲ ಎತ್ತುವುದು ಭಾರಶ್ರಮ.  ಕೇಳಿದರೆ ನಮ್ಮ ಗೋಣಿಚೀಲವೇ ನೆನಪಾಗುತ್ತದೆ. ಮುಂಜಾನೆ ಬಿರುಸಾಗಿ ಸುತ್ತಾಡುವುದು ಭ್ರಮಣಶ್ರಮ. ಕೆರೆ, ಹೊಳೆಯಲ್ಲಿ ಈಜುವುದು ಸಲಿಲಶ್ರಮ. ಕಂಬದ ಮೇಲಿನ ಕಸರತ್ತು ಸ್ತಂಭಶ್ರಮ. ಅಂದರೆ ತೋಳಿಗೆ ಬಲ ಬೇಕು, ಎದೆಗೆ ದಮ್ಮೂ ಬೇಕು. ಒಂದನ್ನು ಬಿಟ್ಟು ಒಂದಿಲ್ಲ.

ಈ ತಿಳಿವಳಿಕೆ ಗರಡಿ ಮನೆಗಳಲ್ಲಿ ಉಳಿದು ಬಂತು. ಚಿತ್ರದುರ್ಗದ ಕೋಟೆಯೊಳಗೆ ಇಂದಿಗೂ ಗರಡಿ ಮನೆ ತೋರಿಸುತ್ತಾರೆ. ಗರಡಿಯಲ್ಲಿ ದಂಡ, ಬಸ್ಕಿ, ಗದೆ ತಿರುವುದು, ಕಲ್ಲುಗುಂಡು ಎತ್ತುವುದು, ಆಮೇಲೆ ಮಟ್ಟಿಗಿಳಿದು ಕುಸ್ತಿ. ಮಟ್ಟಿಯನ್ನು ಸಲಿಕೆಯಿಂದ ಕೆದಕಿ ಮಣ್ಣು ಸಡಿಲ ಮಾಡುವುದೂ ಸಾಮೇ. ಕಾಲು ಹೂತುಹೋಗುವ ಮಣ್ಣಿನಲ್ಲಿ ಪ್ರತಿ ಹೆಜ್ಜೆಗೂ ಹೆಚ್ಚು ಶಕ್ತಿ ಬೇಕು. ಸಡಿಲ ಮರಳಿನಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಖರ್ಚಾಗುತ್ತದೆಂದು ವಿಜ್ಞಾನಿಗಳು ಅಳೆದಿದ್ದಾರೆ.

ಹಳೆಯದಕ್ಕೂ ಹೊಸದಕ್ಕೂ ಸೇತುವೆ ಕಟ್ಟಿದವರು ಕೆ.ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದವರು ಇವರೇ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮ ಶಾಲೆ ನಡೆಸಿದರು. 1930ರಲ್ಲಿ 'ಮಸಲ್ ಕಲ್ಟ್' ಪುಸ್ತಕ ತಂದರು. ಡಂಬೆಲ್, ಬಾರ್‌ಬೆಲ್ ಜೊತೆಗೆ ಆಸನ, ಸೂರ್ಯನಮಸ್ಕಾರವನ್ನೂ ಕಲಿಸಿದರು. ದೂರದವರಿಗೆ ಅಂಚೆಯಲ್ಲೇ ಪಾಠ ಕಳಿಸುತ್ತಿದ್ದರು. ಇಂದಿನ ಆನ್‌ಲೈನ್ ಕೋಚಿಂಗಿಗೆ ಅದು ಅಜ್ಜ ಅನ್ನಬಹುದು.

ಈ ಇತಿಹಾಸ ನಮಗ್ಯಾಕೆ ಅಂದರೆ, ಇದು ಹೊಟ್ಟೆಪಾಡಿನ ಮಾತು. ಇತ್ತೀಚಿನ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗಳಲ್ಲಿ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು, 7.26 ಕೆಜಿ ಗುಂಡು ಎಸೆಯಬೇಕು. ಹುಡುಗಿಯರಿಗೆ 400 ಮೀಟರ್ ಓಟ, 4 ಕೆಜಿ ಗುಂಡು. ಬರೀ ರಸ್ತೆಯಲ್ಲಿ ಓಡಿದವರಿಗೆ ಗುಂಡು ಭಾರವಾಗುತ್ತದೆ. ಬರೀ ಜಿಮ್ಮಿನಲ್ಲಿ ತೋಳು ಬೆಳೆಸಿದವರಿಗೆ ಮೂರನೇ ಸುತ್ತಿನಲ್ಲೇ ಏದುಸಿರು.

ನಮಗೆ ಕಡಲಿಲ್ಲ, ಊರೂರಿಗೆ ಜಿಮ್ಮೂ ಇಲ್ಲ. ಬೇಸಿಗೆಗೆ ಒಣಗಿದ ಹಳ್ಳದ ಮರಳಿದೆ, ಹೊಲದ ಸಡಿಲ ಮಣ್ಣಿದೆ, ಮನೆಯಲ್ಲಿ ಹಳೇ ಚೀಲವಿದೆ. ವಾರಕ್ಕೆ ಮೂರು ದಿನ ಓಟ, ನಡುವೆ ಎರಡು ದಿನ ಭಾರ, ಉಳಿದ ದಿನ ವಿಶ್ರಾಂತಿ. ಮೊದಲ ವಾರಗಳಲ್ಲಿ ಮರಳಲ್ಲಿ ಹತ್ತು ನಿಮಿಷ ಸಾಕು; ಹೆಚ್ಚಾದರೆ ಮೀನಖಂಡ, ಹಿಮ್ಮಡಿ ನರ ನೋಯುತ್ತವೆ. ಚೀಲಕ್ಕೂ ಮೊದಲು ಅರ್ಧದಷ್ಟೇ ಮರಳು ತುಂಬಿ, ಬಲ ಬಂದಂತೆ ಹೆಚ್ಚಿಸಿ.