ನಮ್ಮೂರಿನ ನಕ್ಷೆಯನ್ನು ನಾವೇ ಬರೆಯೋಣ

ಊರಿನ ನಕ್ಷೆ ಬರೆಯುವುದು ಸರ್ವೆ ಇಲಾಖೆಯ ಕೆಲಸ, ಅದರ ಗೊಡವೆ ನಮಗೇಕೆ ಎನ್ನುವವರುಂಟು. ಆದರೆ ನಕ್ಷೆಗೆ ಅಳತೆ ಎಷ್ಟು ಅಗತ್ಯವೋ ಊರವರ ತಿಳಿವಳಿಕೆಯೂ ಅಷ್ಟೇ ಅಗತ್ಯ. ಮೈಸೂರು ಸೀಮೆಯ ಮೋಜಣಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ, ಈಸ್ಟ್ ಇಂಡಿಯಾ ಕಂಪನಿಯ ಇಬ್ಬರು ಸೇನಾಧಿಕಾರಿಗಳು ಅಲ್ಲಿ ಎರಡು ಬಗೆಯ ಕೆಲಸ ಹಿಡಿದರು. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದ. ತ್ರಿಕೋನದ ಒಂದು ಭುಜವೂ ಎರಡು ಕೋನಗಳೂ ಗೊತ್ತಾದರೆ ಉಳಿದ ಭುಜಗಳನ್ನು ಲೆಕ್ಕದಿಂದಲೇ ತಿಳಿಯಬಹುದಷ್ಟೆ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಹೋದ. 1802ರಲ್ಲಿ ಅವನೇ ನಮ್ಮ ಚೆನ್ನೈನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ರೇಖೆ ಅಳೆದ. ಭಾರತದ ಮಹಾ ತ್ರಿಕೋನಮಿತಿ ಮೋಜಣಿ ಬೆಳೆದದ್ದು ಅಲ್ಲಿಂದ.

ಇನ್ನೊಬ್ಬ ಕಾಲಿನ್ ಮೆಕೆಂಜಿ. ಗಡಿ, ಹೊಳೆ, ಕೆರೆ, ದಾರಿಗಳನ್ನು ಗುರುತಿಸುವುದರ ಜೊತೆಗೆ ಈತ ಶಾಸನ, ನಾಣ್ಯ, ಸ್ಥಳಪುರಾಣಗಳನ್ನೂ ಕೂಡಿಹಾಕಿದ. ದೇಶಭಾಷೆಗಳು ಅವನಿಗೆ ಬಾರವು. ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ, ಜೈನ ವಿದ್ವಾಂಸ ಧರ್ಮಯ್ಯ ಮುಂತಾದವರು ಊರೂರು ತಿರುಗಿ ಬರೆಸಿ ತಂದುಕೊಟ್ಟರು. ಆ ಊರ ವೃತ್ತಾಂತಗಳೇ ಕೈಫಿಯತ್ತುಗಳು. ಕಂಪನಿಯ ಕಣ್ಣು ಕಂದಾಯದ ಮೇಲಿತ್ತು, ನಿಜ. ಆದರೂ ಎಷ್ಟೋ ಊರುಗಳ ನೆನಪು ಹೀಗೆ ಕಾಗದಕ್ಕಿಳಿದು ಉಳಿಯಿತು. 1815ರಲ್ಲಿ ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ, 1821ರಲ್ಲಿ ತೀರಿಕೊಂಡ. ಅವನ ಸಂಗ್ರಹದ ಬಹುಭಾಗ ಚೆನ್ನೈನ ಸರ್ಕಾರಿ ಓರಿಯಂಟಲ್ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟಿದ್ದಾರೆ.

ಇಂದು ಇಂಥ ಕೆಲಸ ತುರ್ತಾಗಿ ಆಗಬೇಕಾದ ಸೀಮೆಗಳಿವೆ. ಶರಾವತಿ ಕಣಿವೆ ಅವುಗಳಲ್ಲೊಂದು. ಜೋಗದ ವಿದ್ಯುದಾಗಾರಕ್ಕಾಗಿ ಮೈಸೂರು ಸರ್ಕಾರ ಮೊದಲು ಹಿರೇಭಾಸ್ಕರ ಅಣೆಕಟ್ಟು ಕಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಕಟ್ಟೆಯೇ ನೀರಿನಡಿ ಸೇರಿತು. ಕಡುಬೇಸಿಗೆಯಲ್ಲಿ ನೀರಿಳಿದರೆ ಈಗಲೂ ತಲೆ ಎತ್ತುತ್ತದೆ. ಸಾಗರ ತಾಲೂಕಿನ ಕರೂರು, ಬಾರಂಗಿ ಹೋಬಳಿಗಳ ಎಷ್ಟೋ ಗದ್ದೆ, ತೋಟ, ಮನೆ, ಗುಡಿಗಳು ಮುಳುಗಿ ಜನ ದಿಕ್ಕುಪಾಲಾದರು. ಉಳಿದವರಿಗೆ ಹೊಳೆಬಾಗಿಲಿನಿಂದ ಕಳಸವಳ್ಳಿಗೆ ಲಾಂಚೇ ಗತಿಯಾಯಿತು. 2025ರ ಜುಲೈಯಲ್ಲಿ ಅಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಒಂದೇ ಜಾಗಕ್ಕೆ ಹಳೆಯ ಕಾಲುದಾರಿ, ಲಾಂಚು, ಸೇತುವೆ ಎಂದು ಮೂರು ಕಾಲದ ಮೂರು ನಕ್ಷೆಗಳು! ಅಚ್ಚಾದ ಈಗಿನ ನಕ್ಷೆಯಲ್ಲಿ ಕಾಣುವುದು ನೀಲಿ ಬಣ್ಣವೊಂದೇ.

ಆ ನೀಲಿಯ ಕೆಳಗಿನದನ್ನು ಬರೆಯುವುದು ಕಷ್ಟವೇನಲ್ಲ. ಸರ್ವೆ ಆಫ್ ಇಂಡಿಯಾದ ಈಗಿನ ಹಾಳೆಯಲ್ಲಿ 2 ಸೆಂಟಿಮೀಟರಿಗೆ 1 ಕಿಲೋಮೀಟರು. ಹಳೆಯದರಲ್ಲಿ 1 ಇಂಚಿಗೆ 1 ಮೈಲಿ. ಹಳೆಯ ಹಾಳೆ ಸಿಕ್ಕರೆ ಅದನ್ನು 1.27 ಪಟ್ಟು ಹಿಗ್ಗಿಸಿ, ಟ್ರೇಸಿಂಗ್ ಕಾಗದದಲ್ಲಿ ಹೊಳೆಯ ಮೊದಲಿನ ಹರಿವನ್ನು ಎತ್ತಿಕೊಂಡು, ಹೊಸದರ ಮೇಲೆ ಇಟ್ಟರಾಯಿತು. ಮುಂದಿನದು ಕೇಳಿ ಬರೆಯುವ ಕೆಲಸ. ಚೌಡಿ ಬನ, ಕಾಲುಸಂಕ, ಸೊಪ್ಪಿನ ಬೆಟ್ಟ, ದನ ಇಳಿಯುತ್ತಿದ್ದ ಕಡವು, ಒಂದೊಂದು ಗದ್ದೆಗೂ ಇದ್ದ ಹೆಸರು, ಇವೆಲ್ಲ ಹಿರಿಯರ ಬಾಯಲ್ಲಿ ಮಾತ್ರ ಇವೆ. ಅವರು ಹೇಳಿದಂತೆ ಮಕ್ಕಳ ಕೈಯಲ್ಲಿ ಚಿತ್ರ ಬರೆಸಿ. ಅಂದಾಜಿನ ಜಾಗವನ್ನು ಚುಕ್ಕಿಗೆರೆಯಲ್ಲೂ ಖಚಿತವಾದದ್ದನ್ನು ಗಟ್ಟಿಗೆರೆಯಲ್ಲೂ ತೋರಿಸಿ. ಹೇಳಿದವರ ಹೆಸರನ್ನೂ ತಾರೀಖನ್ನೂ ಮೂಲೆಯಲ್ಲಿ ನಮೂದಿಸಿ.

1964ರಲ್ಲಿ ಹತ್ತು ವರ್ಷದ ಹುಡುಗರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ನಿಮ್ಮ ಊರು ಮುಳುಗಿರಲಿಕ್ಕಿಲ್ಲ. ಆದರೆ ಬಡಾವಣೆಯಡಿ ಹೋದ ಕೆರೆ, ಹೆದ್ದಾರಿಗೆ ಹೋದ ಸಾಲುಮರ ಎಲ್ಲ ಊರಲ್ಲೂ ಉಂಟು. ಈ ಬೇಸಿಗೆ ರಜೆಗೆ ಊರಿಗೆ ಹೋಗುವಾಗ ಒಂದು ದೊಡ್ಡ ಹಾಳೆ, ಎರಡು ಪೆನ್ಸಿಲು ಮರೆಯದೆ ಒಯ್ಯಿರಿ.